ನೀರು ಅಂಗಳಕ್ಕೆ ಬಂದರೆ ನಾಯಿಯ ಚೈನು ಬಿಚ್ಚುವವರು ಯಾರು?

ಮೇ ತಿಂಗಳು ಮುಗಿಯುವಾಗ ನಮ್ಮ ಕಡೆ ಪ್ರತಿ ಮನೆಯಲ್ಲೂ ಮಳೆಗಾಲದ ತಯಾರಿ ನಡೆಯುತ್ತದೆ. ಸೌದೆ ಒಳಗೆ ಸೇರುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತದೆ, ಒಡೆದ ಹಂಚು ಬದಲಾಗುತ್ತದೆ, ತೋಡಿನ ಕಸ ತೆಗೆಸುತ್ತೇವೆ. ಆದರೆ ನಾಯಿ ಎಲ್ಲಿ ಮಲಗಬೇಕು, ರಾತ್ರಿ ನೀರು ಏರಿದರೆ ಅದನ್ನು ಯಾರು ಬಿಚ್ಚಬೇಕು, ಇದನ್ನು ಯೋಚಿಸುವವರು ತುಂಬಾ ಕಡಿಮೆ. ನಾನೂ ಯೋಚಿಸಿರಲಿಲ್ಲ. ಅರುವತ್ತು ಮಳೆಗಾಲ ದಾಟಿದ ಮೇಲೆ ಕಲಿತ ಪಾಠ ಇದು.

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರು ಆ ದಿನ ಮರೆಯಲಿಕ್ಕಿಲ್ಲ. ಕಲ್ಸಂಕ, ಬಡಗುಪೇಟೆ ಎಲ್ಲಾ ನೀರು, ಕೃಷ್ಣಮಠದ ಸುತ್ತಮುತ್ತಲೂ ನೀರು. ನಮ್ಮ ಮನೆ ಕಲ್ಯಾಣಪುರದ ಕಡೆ, ಸ್ವರ್ಣಾ ಹೊಳೆಗೆ ಹತ್ತಿರ. ಬೆಳಗಿನ ಜಾವ ನಮ್ಮ ಕಾಳು ಬೊಗಳುವುದು ಕೇಳಿ ಎಚ್ಚರವಾಯಿತು. ದಿನಾ ಬೊಗಳುವ ಹಾಗಿರಲಿಲ್ಲ, ಸಣ್ಣ ಸ್ವರದಲ್ಲಿ ಬಿಡದೆ ಎಳೆಯುತ್ತಿತ್ತು. ಹಿಂಬಾಗಿಲು ತೆಗೆದರೆ ಮೆಟ್ಟಿಲು ಕಾಣಿಸಲಿಲ್ಲ. ಟಾರ್ಚ್ ಬೆಳಕಿಗೆ ಬರೀ ಕೆಂಪು ನೀರು, ಅದರ ಮೇಲೆ ತೇಲುವ ತೆಂಗಿನ ಸಿಪ್ಪೆ, ಆಚೆ ಸೌದೆ ಕೊಟ್ಟಿಗೆಯ ಕಂಬದ ಹತ್ತಿರ ಕಾಳುವಿನ ತಲೆ ಮಾತ್ರ. ಸೊಸೆ ಸೊಂಟದವರೆಗಿನ ನೀರಿನಲ್ಲಿ ಹೋದಳು. ಚೈನಿನ ಕೊಂಡಿ ತುಕ್ಕು ಹಿಡಿದು ಕೂತಿತ್ತು. ಎಷ್ಟು ಒತ್ತಿದರೂ ಬಿಡಲಿಲ್ಲ. ನಾನು ಮೆಟ್ಟಿಲ ಮೇಲಿಂದ ಕತ್ತಿ ಕೊಟ್ಟೆ, ಅವಳು ಕುತ್ತಿಗೆಯ ಬೆಲ್ಟನ್ನೇ ಕೊಯ್ದಳು. ಕಾಳು ಈಜಿಕೊಂಡು ಬಂದು ಜಗಲಿ ಏರಿ ನಡುಗುತ್ತಾ ನಿಂತಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಲು ಆಗುವುದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಪ್ರಾಣಿಯನ್ನೂ ರಾತ್ರಿ ಹೊರಗೆ ಕಟ್ಟುವ ಹಾಗಿಲ್ಲ. ಕಟ್ಟಲೇಬೇಕಾದರೆ ಬಟ್ಟೆಯ ಬೆಲ್ಟು, ಒಂದು ಕೈಯಲ್ಲಿ ಒತ್ತಿದರೆ ಬಿಡುವ ಪ್ಲಾಸ್ಟಿಕ್ ಕೊಂಡಿ. ಹಟ್ಟಿಯಲ್ಲಿ ದನ ಇದ್ದರೆ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕಿ, ಅದನ್ನು ಮನೆಯ ಎಲ್ಲರಿಗೂ ತೋರಿಸಿ. ಕೋಳಿ ಗೂಡು ನೆಲದ ಮೇಲಿದ್ದರೆ ನಾಲ್ಕು ಕಲ್ಲು ಕೊಟ್ಟು ಎತ್ತರ ಮಾಡಿ. ಮತ್ತೆ ಬಿಚ್ಚುವ ಕೆಲಸ ಯಾರದ್ದು ಅಂತ ಹೆಸರು ಹಿಡಿದು ಹೇಳಿಟ್ಟಿರಬೇಕು. ಎಲ್ಲರೂ ಮಾಡುತ್ತಾರೆ ಅಂದುಕೊಂಡ ಕೆಲಸವನ್ನು ಗಡಿಬಿಡಿಯಲ್ಲಿ ಯಾರೂ ಮಾಡುವುದಿಲ್ಲ. ನಮ್ಮಲ್ಲಿ ನಾಯಿ ಸೊಸೆಗೆ, ಬೆಕ್ಕು ನನಗೆ, ಹಟ್ಟಿ ಮಗನಿಗೆ.

ನೀರು ಯಾವಾಗ ಏರುತ್ತದೆ ಅಂತ ಸ್ವಲ್ಪ ಮಟ್ಟಿಗೆ ಮೊದಲೇ ಗೊತ್ತಾಗುತ್ತದೆ. ಟಿವಿಯಲ್ಲಿ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ ಬರಬಹುದು ಅಂತ ಅರ್ಥ. ಆರೆಂಜ್ ಅಂದರೆ ಹನ್ನೊಂದೂವರೆಯಿಂದ ಇಪ್ಪತ್ತು. ಆದರೆ ಹೊಳೆ ಬದಿಯವರು ಬಣ್ಣ ಮಾತ್ರ ನೋಡಿದರೆ ಸಾಲದು, ಸಮುದ್ರವನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರಿರುತ್ತದೆ. ಅದೇ ಹೊತ್ತಿಗೆ ಘಟ್ಟದಲ್ಲಿ ಮಳೆ ಹೊಡೆದರೆ ಹೊಳೆಯ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ನಿಂತು ಗದ್ದೆಗೆ, ಅಂಗಳಕ್ಕೆ ಹರಡುತ್ತದೆ. ಆ ಸೆಪ್ಟೆಂಬರ್‌ನಲ್ಲೂ ಮಹಾಲಯ ಅಮಾವಾಸ್ಯೆ ಕಳೆದು ಮೂರೇ ದಿನ ಆಗಿತ್ತು. ಹಾಗಾಗಿ ಕ್ಯಾಲೆಂಡರ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಇದಕ್ಕೇನು ಖರ್ಚಿಲ್ಲ.

ಗುಡುಗು ಸಿಡಿಲಿನ ಕಾಟ ನಮ್ಮಲ್ಲಿ ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಜಾಸ್ತಿ. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ ಮೂವತ್ತು ಎಣಿಸಲು ಆಗದಿದ್ದರೆ ಸಿಡಿಲು ಹತ್ತಿರವಿದೆ ಅಂತ ತಿಳಿದು ಎಲ್ಲರೂ ಒಳಗೆ, ನಾಯಿಯೂ ಒಳಗೆ. ತೆಂಗಿನ ಮರದ ಬುಡದಲ್ಲಿ ಕಬ್ಬಿಣದ ಚೈನು ಹಾಕಿ ಕಟ್ಟಿರುತ್ತಾರಲ್ಲ, ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆಯೇ ಹೊರಗೆ ಬಿಡಿ. ಹೆದರಿದ ನಾಯಿ ಮಂಚದಡಿ ಹೋಗಿ ಕೂತರೆ ಎಳೆಯಬೇಡಿ, ಗದರಿಸಬೇಡಿ. ಕಿಟಕಿ ಹಾಕಿ, ರೇಡಿಯೋ ಇಡಿ, ಪಕ್ಕದಲ್ಲಿ ಕೂತು ಬೆನ್ನು ಸವರಿ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅನ್ನುವುದು ಸರಿಯಲ್ಲ. ಗೇಟು ಮಾತ್ರ ಭದ್ರವಾಗಿ ಹಾಕಿ, ಹೆದರಿ ಓಡಿದ ನಾಯಿಗೆ ದಾರಿ ತಪ್ಪುತ್ತದೆ.

ಗಾಳಿ ಮಳೆ ನಿಂತ ಬೆಳಿಗ್ಗೆ ನಾಯಿಯನ್ನು ಬಿಡುವ ಮೊದಲು ನೀವೊಮ್ಮೆ ಅಂಗಳ ನೋಡಿ. ವಯರು ಬಿದ್ದಿದ್ದರೆ ನೀವೂ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ, 1912ಕ್ಕೆ ಫೋನ್ ಮಾಡಿ. ಮನೆಗೆ ನೀರು ನುಗ್ಗುವ ಹಾಗಿದ್ದರೆ 1077. ಪ್ರಾಣಿಗಳ ಡಾಕ್ಟರಿಗೆ 1962. ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಕರೆಂಟಿಲ್ಲದೆ ಮೊಬೈಲ್ ಚಾರ್ಜ್ ಮುಗಿದಿರುವಾಗ ಪಕ್ಕದ ಮನೆಯಿಂದಾದರೂ ಮಾಡಬಹುದು. ಕಾರು, ಸ್ಕೂಟರ್ ಶುರು ಮಾಡುವ ಮೊದಲು ಬಾನೆಟ್ಟಿಗೆ ಎರಡು ಸಲ ತಟ್ಟಿ. ಬೆಚ್ಚಗಿರುತ್ತದೆ ಅಂತ ಬೆಕ್ಕಿನ ಮರಿಗಳು ಇಂಜಿನ್ ಹತ್ತಿರ ಹೋಗಿ ಮಲಗಿರುತ್ತವೆ.

ಇನ್ನು ಜಡಿಮಳೆಯ ವಿಷಯ. ನೆರೆ ಎಲ್ಲೋ ಒಂದು ವರ್ಷ ಬರುತ್ತದೆ, ಈ ತೇವ ಪ್ರತಿ ವರ್ಷ ನಾಲ್ಕು ತಿಂಗಳು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಮ್ಮ ಬಟ್ಟೆಯೇ ಒಣಗುವುದಿಲ್ಲ, ನಾಯಿಯ ಮೈ ಎಲ್ಲಿಂದ ಒಣಗಬೇಕು? ಹೊರಗಿಂದ ಬಂದ ಕೂಡಲೇ ಹಳೇ ಬೈರಾಸಿನಲ್ಲಿ ಒರೆಸಿ, ಮುಖ್ಯವಾಗಿ ಕಾಲ್ಬೆರಳ ಸಂದು, ಹೊಟ್ಟೆಯಡಿ, ಕಿವಿಯ ಒಳಮೈ. ಅಲ್ಲಿಯೇ ಹುಣ್ಣಾಗುವುದು. ಸ್ನಾನ ಕಡಿಮೆ ಮಾಡಿಸಿ, ಒರೆಸುವುದು ಜಾಸ್ತಿ ಮಾಡಿ. ಮಲಗಲು ಮರದ ಹಲಗೆ ಅಥವಾ ಮಣೆಯ ಮೇಲೆ ಗೋಣಿ ಹಾಕಿ, ಎರಡು ಗೋಣಿ ಇರಲಿ, ಒಂದು ಬಚ್ಚಲ ಒಲೆಯ ಹತ್ತಿರ ಒಣಗುತ್ತಿರಲಿ. ಸಿಮೆಂಟ್ ನೆಲ, ಟೈಲ್ಸ್ ಮೇಲೆ ಬರೀ ಮೈಯಲ್ಲಿ ಮಲಗಿಸಬೇಡಿ. ಬೆಚ್ಚಗಾಗಲಿ ಅಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಬೇಡವೇ ಬೇಡ, ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯರಿಗೂ ಅಪಾಯ.

ಮಳೆಗಾಲದಲ್ಲಿ ನಾವೇ ಮನೆಯೊಳಗೆ ತರುವ ವಿಷಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಬೊಳ್ಳಿ ಬೆಕ್ಕು ಒಂದು ಜುಲೈಯಲ್ಲಿ ಎರಡು ದಿನ ಏನೂ ತಿನ್ನದೆ ವಾಂತಿ ಮಾಡಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬಟ್ಟೆಗೆ ನುಸಿಗುಳಿಗೆ ಹಾಕಿದ್ದೀರಾ ಅಂತ. ಹಾಕಿದ್ದೆ. ಆ ಬಟ್ಟೆ ಗಂಟಿನ ಮೇಲೆಯೇ ಅದು ಮಲಗುತ್ತಿತ್ತು. ನಾಫ್ತಲೀನ್ ಗುಳಿಗೆ ನಾಯಿಗೂ ವಿಷ, ಬೆಕ್ಕಿಗಂತೂ ತುಂಬಾ ವಿಷ. ಬೊಳ್ಳಿ ಬದುಕಿತು, ಈಗ ನಮ್ಮ ಕಪಾಟಿನಲ್ಲಿ ಲಾವಂಚದ ಬೇರು, ಒಣಗಿದ ಬೇವಿನೆಲೆ ಮಾತ್ರ. ಫಿನಾಯಿಲ್ ಕೂಡ ಹಾಗೆಯೇ. ಒದ್ದೆ ನೆಲದ ಮೇಲೆ ಬೆಕ್ಕು ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಬಿಸಿನೀರು, ಸೋಪಿನಲ್ಲಿ ಒರೆಸಿದರೆ ಸಾಕಲ್ವಾ? ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಇರುವ ಪುಡಿ, ಮದ್ದು ಬೆಕ್ಕಿಗೆ ಒಂದು ಚಿಟಿಕೆಯೂ ಬೇಡ. ಜ್ವರ ಬಂದ ಹಾಗಿದೆ ಅಂತ ಪ್ಯಾರಾಸಿಟಮಲ್ ಕೊಡಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಇಲಿ ಪಾಷಾಣ ಇಡುವ ಬದಲು ಬೋನು ಇಡಿ, ಪಾಷಾಣ ತಿಂದ ಇಲಿಯನ್ನು ಬೆಕ್ಕು ಹಿಡಿಯುತ್ತದೆ ಅನ್ನುವುದು ನೆನಪಿರಲಿ.

ಇಲಿ ಅಂದ ಕೂಡಲೇ ಇಲಿಜ್ವರ ಹೇಳದೆ ಇರಲು ಆಗುವುದಿಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಅದು ಬರುತ್ತದೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ನಮಗೂ ಬರಬಹುದು. ರೇಬೀಸ್ ಲಸಿಕೆ ಹಾಕಿಸಿದೆವು ಅಂತ ಸುಮ್ನೆ ಕೂರಬೇಡಿ, ಇಲಿಜ್ವರದ ಲಸಿಕೆ ಬೇರೆ. ಅದು ಸೇರಿರುವ ಲಸಿಕೆಯನ್ನೇ ಮಳೆಗೆ ಮೊದಲು ಕೇಳಿ ಹಾಕಿಸಿ, ಪ್ರತಿ ವರ್ಷ. ನಾಯಿ ಊಟ ಬಿಟ್ಟು, ವಾಂತಿ ಮಾಡಿ, ಕಣ್ಣು ಹಳದಿಯಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹಾವು ಕಚ್ಚಿದರೂ ಅಷ್ಟೇ. ಬೇರು, ಮಂತ್ರ ಅಂತ ಹೊತ್ತು ಕಳೆಯಬೇಡಿ. ಸೌದೆ, ತೆಂಗಿನ ಸಿಪ್ಪೆ ರಾಶಿಯನ್ನು ನಾಯಿ ಮಲಗುವ ಜಾಗದಿಂದ ದೂರ ಇಡಿ, ಹಾವು ಒಣ ಜಾಗ ಹುಡುಕಿಕೊಂಡು ಅಲ್ಲಿಗೇ ಬರುವುದು.

ಊಟದ್ದು ಹೆಚ್ಚೇನಿಲ್ಲ. ಬೂಸ್ಟು ಹಿಡಿದ ಹಿಂಡಿ ದನಕ್ಕೆ ಬೇಡ, ಬೂಸ್ಟು ಹಿಡಿದ ಬಿಸ್ಕೆಟ್ ನಾಯಿಗೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ಸಿಗುವುದು ಕಷ್ಟ. ಬೂತಾಯಿ ಮೀನು ತಿಂದು ರೂಢಿಯಾದ ಬೆಕ್ಕಿಗೆ ಒಣಮೀನು ಕೊಡುವುದಾದರೆ ರಾತ್ರಿ ನೆನೆಸಿ, ಎರಡು ನೀರು ಚೆಲ್ಲಿ, ಉಪ್ಪು ಹೋದ ಮೇಲೆ ಕೊಡಿ.

ಕೊನೆಗೆ ಬಾವಿ. ನೆರೆ ಇಳಿದ ಮೇಲೆ ಪ್ರಾಣಿಗಳಿಗೂ ಅದೇ ನೀರು ಕೊಡುತ್ತೇವೆ, ಅವಕ್ಕೂ ಕುದಿಸಿ ಆರಿಸಿದ ನೀರೇ ಆಗಬೇಕು. ಬ್ಲೀಚಿಂಗ್ ಪೌಡರ್ ಹಾಕುವವರಿಗೆ ಮಾಮೂಲಿ ಲೆಕ್ಕ 1000 ಲೀಟರ್‌ಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್ ಆಯಿತು, ಅಂದರೆ 23-24 ಗ್ರಾಂ. ಕೆಸರು ನೀರು ಹೊಕ್ಕಿದ್ದರೆ ಅದರ ಎರಡರಷ್ಟು. ಪುಡಿಯನ್ನು ನೇರ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ ಮೇಲೆ ಕೆಳಗೆ ನಾಲ್ಕೈದು ಸಲ ಆಡಿಸಿ. ಒಂದು ಗಂಟೆ ಬಿಟ್ಟು ಸೇದಿ. ಅಷ್ಟು ಹೊತ್ತು ಕಾಳು, ಬೊಳ್ಳಿಗೆ ಬೇಕಾಗುವ ನೀರನ್ನು ನಾನು ಹಿಂದಿನ ರಾತ್ರಿಯೇ ಕುದಿಸಿ ಮುಚ್ಚಿಟ್ಟಿರುತ್ತೇನೆ.