ಡೊಮೈನ್‌ಗೆ ಸೇರದ ಕಂಪ್ಯೂಟರ್: ನಾನು ಹುಡುಕುವ ಕ್ರಮ

ಆಫೀಸಿನ ವಿಂಡೋಸ್ ಕಂಪ್ಯೂಟರನ್ನು ಡೊಮೈನ್‌ಗೆ, ಅಂದರೆ ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲಕ್ಕೆ, ಸೇರಿಸಲು ಹೊರಟಿದ್ದೀರಿ. ಪಿಂಗ್ ಬರುತ್ತಿದೆ, ಇಂಟರ್ನೆಟ್ ಓಡುತ್ತಿದೆ, ಆದರೂ ಡೊಮೈನ್ ಕಂಟ್ರೋಲರ್ (ಆ ಜಾಲದ ಸರ್ವರ್) ಸಿಗಲಿಲ್ಲ ಎಂಬ ಸಂದೇಶ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಕಾರ್ಖಾನೆಗಳ ಆಫೀಸುಗಳಲ್ಲಿ ಹೀಗಾದಾಗ ನಾನು ಮೊದಲು ಅನುಮಾನಿಸುವುದು ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನೇ. ಅಲ್ಲಿ ಎಷ್ಟೋ ಕಡೆ ಐಪಿ ಹಂಚುವ ಕೆಲಸ ಫೈಬರ್‌ನವರು ಗೋಡೆಗೆ ಹಾಕಿ ಹೋದ ಮೋಡೆಮ್‌ನದು. ಡಿಎನ್‌ಎಸ್ ಎಂದು ಅದು ತನ್ನದೇ ವಿಳಾಸವನ್ನೋ ಗೂಗಲ್‌ನ 8.8.8.8 ಅನ್ನೋ ಕೊಡುತ್ತದೆ. ಆಫೀಸಿನ ಒಳಗಿನ ಡೊಮೈನ್ ಹೆಸರು ಅವೆರಡಕ್ಕೂ ಗೊತ್ತಿರುವುದಿಲ್ಲ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ipconfig /all ಕೊಟ್ಟು ಡಿಎನ್‌ಎಸ್ ಸಾಲು ಓದಿ. ಡೊಮೈನ್ ಕಂಟ್ರೋಲರ್‌ಗಳ ಐಪಿ ಬಿಟ್ಟು ಬೇರೇನೂ ಅಲ್ಲಿರಬಾರದು. ಎರಡನೆಯ ಸಾಲಿಗೆ ‘ಇರಲಿ ಬಿಡಿ’ ಅಂತ 8.8.8.8 ಹಾಕುವವರಿದ್ದಾರೆ. ಮೊದಲನೆಯದು ತಡಮಾಡಿದರೆ ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಅದು ‘ಅಂಥ ಹೆಸರೇ ಇಲ್ಲ’ ಅಂದದ್ದನ್ನು ನಂಬಿ ಸುಮ್ಮನಾಗುತ್ತದೆ. ಹೊರಗಿನ ಹೆಸರುಗಳಿಗೆ ಸರ್ವರ್‌ನ ಡಿಎನ್‌ಎಸ್‌ನಲ್ಲೇ ಫಾರ್ವರ್ಡರ್ (ತನಗೆ ಗೊತ್ತಿಲ್ಲದ್ದನ್ನು ಹೊರಗೆ ಕೇಳುವ ಸೆಟ್ಟಿಂಗ್) ಹಾಕಿದರಾಯಿತು. ಐಪಿವಿ4 ಸರಿಯಿದ್ದೂ ಆಗದಿದ್ದರೆ ಹೊಸ ಬಗೆಯ ವಿಳಾಸವಾದ ಐಪಿವಿ6 ನೋಡಿ. ಮೋಡೆಮ್ ಆ ದಾರಿಯಿಂದಲೂ ತನ್ನ ಡಿಎನ್‌ಎಸ್ ತೂರಿಸುತ್ತದೆ; ಅದನ್ನು ಮೋಡೆಮ್‌ನಲ್ಲೇ ನಿಲ್ಲಿಸಬೇಕು.

ಇನ್ನು ಪರೀಕ್ಷೆ. ಡಿಎನ್‌ಎಸ್ ಅನ್ನು ಪ್ರಶ್ನಿಸುವ ಕಮಾಂಡ್ ಆದ ಎನ್‌ಎಸ್‌ಲುಕಪ್‌ನಲ್ಲಿ ಬರೀ ಡೊಮೈನ್ ಹೆಸರು ಕೇಳಿದರೆ ಸಾಲದು. ಟೈಪ್ ಅನ್ನು, ಸೇವೆ ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ ಎಸ್‌ಆರ್‌ವಿಗೆ ಬದಲಿಸಿ, ಡೊಮೈನ್ ಹೆಸರಿನ ಮುಂದೆ _ldap._tcp.dc._msdcs. ಸೇರಿಸಿ ಕೇಳಿ. ಡೊಮೈನ್‌ಗೆ ಸೇರುವಾಗ ಕಂಪ್ಯೂಟರ್ ಹುಡುಕುವುದು ಈ ದಾಖಲೆಯನ್ನು. ಅದು ಇಲ್ಲದಿದ್ದರೆ ಸರ್ವರ್‌ನಲ್ಲಿ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಮತ್ತೆ ನೋಂದಣಿಯಾಗುತ್ತದೆ.

ದಾಖಲೆ ಸಿಕ್ಕರೂ ಸೇರದಿದ್ದರೆ ಸರ್ವರ್‌ನ ಪೋರ್ಟ್‌ಗಳು (ಒಂದೊಂದು ಸೇವೆಯ ಬಾಗಿಲು) ತೆರೆದಿವೆಯೇ ನೋಡುತ್ತೇನೆ. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್‌ನಿಂದ 88, 135, 389, 445 ಒಂದೊಂದಾಗಿ. ಶಾಖೆಯಿಂದ ವಿಪಿಎನ್ ಮೂಲಕ ಸೇರಿಸುವಾಗ 135 ತೆರೆದು, ಆರ್‌ಪಿಸಿ ಬಳಸುವ 49152ರಿಂದ 65535ರವರೆಗಿನದನ್ನು ಮುಚ್ಚಿಟ್ಟಿರುತ್ತಾರೆ.

ಮಂಡ್ಯ ಕಡೆ ಗಡಿಯಾರವನ್ನೂ ಮರೆಯುವಂತಿಲ್ಲ. ಕಬ್ಬು ಅರೆಯುವ ಹಂಗಾಮು ಮುಗಿದರೆ ತೂಕದ ಮನೆಯ ಕಂಪ್ಯೂಟರ್ ತಿಂಗಳುಗಟ್ಟಲೆ ಆಫ್. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಡೊಮೈನ್‌ನಲ್ಲಿ ಗುರುತು ಪರಿಶೀಲಿಸುವ ಕರ್ಬರೋಸ್ ತಾನಾಗಿ ಸಹಿಸುವುದು 5 ನಿಮಿಷದ ವ್ಯತ್ಯಾಸವನ್ನಷ್ಟೇ. ಇದಕ್ಕಿಂತ ಕಳ್ಳ ತಪ್ಪು ಟೈಮ್‌ಝೋನ್‌ನದು: ಹೊಸ ವಿಂಡೋಸ್ ಅಮೆರಿಕದ ಪೆಸಿಫಿಕ್ ಸಮಯದಲ್ಲೇ ಉಳಿದು, ಯಾರೋ ಗಂಟೆಯನ್ನಷ್ಟೇ ತಿದ್ದಿರುತ್ತಾರೆ. ಪರದೆಯ ಮೇಲೆ ಸಮಯ ಸರಿ, ಒಳಗಿನ ಯುಟಿಸಿ (ಜಾಗತಿಕ ಸಮಯ) ಹನ್ನೆರಡೂವರೆಯೋ ಹದಿಮೂರೂವರೆಯೋ ಗಂಟೆ ಆಚೀಚೆ. ಝೋನ್ ತಿದ್ದಿ, ಆಮೇಲೆ ಸಮಯ ಹೊಂದಿಸಿ. ಸೆಲ್ ಬದಲಿಸದೆ ಬರೀ ಸಮಯ ಹೊಂದಿಸಿದರೆ ಕರೆಂಟ್ ಹೋದಾಗ ಮತ್ತೆ ಅದೇ ಕಥೆ.

ವಿಂಡೋಸ್ ಹೋಮ್ ಆಗಿದ್ದರೆ ಇದ್ಯಾವುದೂ ಬೇಡ, ಅದು ಡೊಮೈನ್‌ಗೆ ಸೇರುವುದೇ ಇಲ್ಲ, ಪ್ರೊ ಬೇಕು.

ಉಳಿದದ್ದು ಖಾತೆಯ ತಕರಾರು. ಸಾಮಾನ್ಯ ಬಳಕೆದಾರರ ಲಾಗಿನ್‌ನಿಂದ, ಮಿತಿ ಬದಲಿಸದಿದ್ದರೆ, 10 ಕಂಪ್ಯೂಟರ್ ಮಾತ್ರ ಸೇರಿಸಬಹುದು. ಫಾರ್ಮ್ಯಾಟ್ ಆದ ಯಂತ್ರವನ್ನು ಹಳೇ ಹೆಸರಲ್ಲೇ ಸೇರಿಸುವಾಗ 2732 ದೋಷ ಬಂದರೆ, ಅದು 2022ರ ಅಕ್ಟೋಬರ್ ಅಪ್‌ಡೇಟ್‌ನಿಂದ ಬಂದ ನಿರ್ಬಂಧ: ಬೇರೊಬ್ಬರು ಮಾಡಿದ ಕಂಪ್ಯೂಟರ್ ಖಾತೆಯನ್ನು ಮರುಬಳಸಲು ಬಿಡುವುದಿಲ್ಲ. ಆ ಹೆಸರು ಇನ್ನೊಂದು ಯಂತ್ರಕ್ಕಿಲ್ಲವೆಂದು ಖಚಿತಪಡಿಸಿಕೊಂಡು ಹಳೇ ಖಾತೆ ಅಳಿಸಿ, ಇಲ್ಲವೇ ಹೊಸ ಹೆಸರಿಡಿ, 15 ಅಕ್ಷರದೊಳಗೆ. ಯಾವ ಹಂತದಲ್ಲಿ ನಿಂತಿತು ಎಂಬುದು ವಿಂಡೋಸ್ ಫೋಲ್ಡರಿನ ಡೀಬಗ್‌ನೊಳಗಿರುವ ನೆಟ್‌ಸೆಟಪ್ ಲಾಗ್‌ನಲ್ಲಿರುತ್ತದೆ. ಕೊನೆಯ ಸಾಲಿನಿಂದ ಮೇಲಕ್ಕೆ ಓದಿ.