ಕ್ಯಾಲೆಂಡರ್ ಬಿಟ್ಟು ಕಣ್ಣಿನ ರೆಪ್ಪೆ ನೋಡತೊಡಗಿದೆ

ಮೊದಲೆಲ್ಲ ನಮ್ಮಲ್ಲಿ ಜಂತುಹುಳುವಿನ ಔಷಧಿಗೆ ದಿನ ಗೊತ್ತು ಮಾಡಿಟ್ಟಿದ್ದೆ. 3 ತಿಂಗಳಿಗೊಮ್ಮೆ ಕುರಿ, ಮೇಕೆ, ಎರಡು ಕುದುರೆ, ಎಲ್ಲಕ್ಕೂ ಒಟ್ಟಿಗೆ. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಆಯಿತು, ನಿಶ್ಚಿಂತೆ.

ಒಂದು ಮಳೆಗಾಲದಲ್ಲಿ ಆ ನಿಶ್ಚಿಂತೆ ಹೋಯಿತು. ಔಷಧಿ ಕುಡಿಸಿ 3 ವಾರವೂ ಆಗಿರಲಿಲ್ಲ. ಒಂದು ಕುರಿಯ ದವಡೆಯ ಕೆಳಗೆ ನೀರಿನ ಚೀಲದ ಹಾಗೆ ಊತ ಬಂತು. ಹಿಕ್ಕೆ ಗಟ್ಟಿಯಾಗೇ ಇತ್ತು. ಭೇದಿ ಇಲ್ಲವಲ್ಲ, ಜಂತು ಇರಲಾರದು ಅಂದುಕೊಂಡೆ. ಎರಡು ದಿನಕ್ಕೆ ಅದು ಸತ್ತಿತು. ಪಶುವೈದ್ಯರು ಕೊಯ್ದು ತೋರಿಸಿದರು. ಅದರ ನಾಲ್ಕನೇ ಹೊಟ್ಟೆಯ ತುಂಬ ಕೆಂಪು ಬಿಳಿ ದಾರ ಹೊಸೆದಂಥ ಸಣ್ಣ ಹುಳು. ಹೆಸರು ಹೀಮೋಂಕಸ್, ರಕ್ತ ಹೀರುವ ಜಾತಿ. ಒಂದೊಂದು ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದಂತೆ. ಇದರಲ್ಲಿ ಭೇದಿ ಆಗಲೇಬೇಕು ಅಂತಿಲ್ಲ. ರಕ್ತ ಹೋಗಿ ಹೋಗಿ ದವಡೆಗೆ ನೀರು ಇಳಿಯುತ್ತದೆ, ಅಷ್ಟೆ.

“ಔಷಧಿ ಕೊಟ್ಟಿದ್ದೆನಲ್ಲ ಡಾಕ್ಟ್ರೇ” ಅಂದೆ.

“ತೂಕ ನೋಡಿದ್ರಾ?” ಅಂದರು.

ನನ್ನದು ಕಣ್ಣಳತೆ. ಮಾರನೇ ದಿನ ತೂಗಿ ನೋಡಿದರೆ, ನಾನು 25 ಕಿಲೋ ಅಂದುಕೊಂಡ ಕುರಿ 34 ಇತ್ತು! ವರ್ಷಗಟ್ಟಲೆ ಕಡಿಮೆ ಔಷಧಿ ಕುಡಿಸಿದ್ದೆ. ಹಾಗೆ ಕೊಟ್ಟಾಗ ಬಡ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿದು ಸಂತಾನ ಬೆಳೆಸುತ್ತವೆ. ಮೇಕೆಗಳ ಕಥೆ ಇನ್ನೂ ಕೆಟ್ಟದ್ದು. ಬಹಳಷ್ಟು ಔಷಧಿಗಳನ್ನು ಮೇಕೆಯ ಮೈ ಬೇಗ ಕರಗಿಸಿಬಿಡುತ್ತದೆ, ಕುರಿಯ ಅಳತೆ ಅದಕ್ಕೆ ಸಾಲದು. ಎಷ್ಟು ಕೊಡಬೇಕು ಅಂತ ವೈದ್ಯರನ್ನೇ ಕೇಳಬೇಕು. ಕುಡಿಸುವ ರೀತಿಯೂ ತಪ್ಪಿತ್ತು. ನಾನು ಬಾಯಿಯ ಮುಂದೆಯೇ ಸುರಿಯುತ್ತಿದ್ದೆ. ಸಿರಿಂಜಿನ ತುದಿ ನಾಲಿಗೆಯ ಬುಡಕ್ಕೆ ಹೋಗಬೇಕು, ತಲೆ ಜಾಸ್ತಿ ಮೇಲೆತ್ತಬಾರದು. ಎತ್ತಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ.

ನಿಜ ಗೊತ್ತಾಗಿದ್ದು ಹಿಕ್ಕೆ ಪರೀಕ್ಷೆಯಲ್ಲಿ. ಸರಿಯಾಗಿ ತೂಗಿ ಔಷಧಿ ಕುಡಿಸಿದ ದಿನ 10 ಕುರಿಗಳ ಹಿಕ್ಕೆ ಕೊಟ್ಟೆ, 14 ದಿನ ಬಿಟ್ಟು ಅದೇ ಕುರಿಗಳದ್ದು ಮತ್ತೆ ಕೊಟ್ಟೆ. ಮೊಟ್ಟೆಗಳು ಶೇ 95ರಷ್ಟಾದರೂ ಇಳಿಯಬೇಕಿತ್ತು. ಅರ್ಧವೂ ಇಳಿದಿರಲಿಲ್ಲ. ಹಿಂದೆ ನಾನು ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ಹಿಡಿದು, ಔಷಧಿ ಬದಲಾಯಿಸಿದೆ ಅಂತ ಬೀಗಿದ್ದೆ. ಎರಡೂ ಒಂದೇ ಗುಂಪಿನವು. ಬದಲಾಗಿದ್ದು ಬಾಟಲಿ ಮಾತ್ರ.

ಈಗ ಗುಂಪೇ ಬೇರೆಯಾದ ಔಷಧಿ ಕೊಡುತ್ತೇನೆ, ಅದೂ ಬೇಕಾದವಕ್ಕೆ ಮಾತ್ರ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಫಮಾಚಾ ಅನ್ನುವ ಬಣ್ಣದ ಕಾರ್ಡ್ ಇದೆ. ಕಣ್ಣಿನ ಕೆಳರೆಪ್ಪೆ ಮಗುಚಿ ಒಳಗಿನ ಬಣ್ಣವನ್ನು ಕಾರ್ಡಿಗೆ ಹೋಲಿಸಬೇಕು. ಕಡುಕೆಂಪಿಗೆ 1, ಬಿಳಿಚಿದ್ದಕ್ಕೆ 5. ನಾಲ್ಕು, ಐದು ಬಂದರೆ ಔಷಧಿ ಖಂಡಿತ. ಮೂರು ಬಂದರೆ ಮರಿಗೂ ಗಬ್ಬದ ಕುರಿಗೂ ಕೊಡುತ್ತೇನೆ, ಉಳಿದವನ್ನು ಮೈ ನೋಡಿ ನಿರ್ಧರಿಸುತ್ತೇನೆ. ಗಬ್ಬದ ಶುರುವಿನಲ್ಲಿ ಅಲ್ಬೆಂಡಜೋಲ್ ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ 2 ವಾರಕ್ಕೊಮ್ಮೆ ಹಗಲು ಬೆಳಕಿನಲ್ಲೇ ನೋಡುತ್ತೇನೆ. ರಕ್ತ ಹೀರುವ ಹುಳುವಿಗಷ್ಟೇ ಈ ಕಾರ್ಡ್ ಸರಿ, ಬೇರೆ ಹುಳು ಇದರಲ್ಲಿ ತಿಳಿಯುವುದಿಲ್ಲ.

ಮೊದಲ ಸಲ 30ರಲ್ಲಿ 8ಕ್ಕೆ ಕೊಟ್ಟು 22ನ್ನು ಹಾಗೇ ಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟವುಗಳ ಹೊಟ್ಟೆಯ ಹುಳು ಔಷಧಿಯ ರುಚಿ ಕಂಡಿರುವುದಿಲ್ಲ, ಅವುಗಳ ಮರಿಗಳು ಹುಲ್ಲಿನಲ್ಲಿ ಗಟ್ಟಿ ಹುಳುಗಳ ಜೊತೆ ಬೆರೆತರೆ ಔಷಧಿ ಇನ್ನಷ್ಟು ವರ್ಷ ಕೆಲಸ ಮಾಡುತ್ತದೆ ಅಂತ ವೈದ್ಯರು ಬಿಡಿಸಿ ಹೇಳಿದ್ದರು. ಹುಳು ಉಳಿಸುವುದೇ ಉಪಾಯ ಅಂದರೆ ಯಾರು ನಂಬುತ್ತಾರೆ, ಅಲ್ವಾ? ಎಲ್ಲಕ್ಕೂ ಕುಡಿಸಿ ಅದೇ ದಿನ ಹೊಸ ಹುಲ್ಲುಗಾವಲಿಗೆ ಹೊಡೆಯುತ್ತಿದ್ದೆನಲ್ಲ, ಅದು ಗಟ್ಟಿ ಹುಳುಗಳಿಗೇ ಹೊಸ ಜಾಗ ಬರೆದುಕೊಟ್ಟ ಹಾಗೆ. ಹುಳುವಿನ ಮರಿಗಳು ಹುಲ್ಲಿನ ಬುಡದ ಕಡೆ ಜಾಸ್ತಿ ಇರುತ್ತವೆ. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡ ಆಗುವ ಮೊದಲೇ ಈಗ ಮಂದೆ ಎಬ್ಬಿಸುತ್ತೇನೆ.

ಕುದುರೆಗಳ ಲೆಕ್ಕ ಬೇರೆ. ಎರಡೂ ಮೇಯುವುದು ಒಂದೇ ಜಾಗದಲ್ಲಿ. ಒಂದರ ಲದ್ದಿಯಲ್ಲಿ ಗ್ರಾಂಗೆ 200 ಮೊಟ್ಟೆ ದಾಟುವುದಿಲ್ಲ, ಇನ್ನೊಂದರದ್ದು ಸಾವಿರ ಮೀರುತ್ತದೆ. ಎರಡಕ್ಕೂ ಸಮ ಔಷಧಿ ಯಾಕೆ? ಹಾಗಂತ ಕಡಿಮೆ ಇರುವುದನ್ನು ಪೂರ್ತಿ ಬಿಡುವಂತಿಲ್ಲ. ಕರುಳಿನ ಗೋಡೆಯಲ್ಲಿ ಅಡಗಿ ಕೂತ ಮರಿಹುಳು ಲದ್ದಿ ಪರೀಕ್ಷೆಗೆ ಸಿಗುವುದಿಲ್ಲ, ಲಾಡಿಹುಳುವೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಎರಡಕ್ಕೂ ಕೊಡುತ್ತೇನೆ. ವಾರಕ್ಕೆರಡು ಸಲ ಲದ್ದಿ ಎತ್ತಿ ಹಾಕುವುದು ಬೇಜಾರಿನ ಕೆಲಸ, ಆದರೆ ಬಿಟ್ಟಿಲ್ಲ. ಕುದುರೆ ಮರಿ ಇದ್ದವರಿಗೆ ಒಂದು ಮಾತು: ಹೊಟ್ಟೆ ತುಂಬ ದುಂಡುಹುಳು ಇದ್ದು ಎಲ್ಲ ಒಟ್ಟಿಗೇ ಸತ್ತರೆ ಕರುಳು ಕಟ್ಟಿಕೊಳ್ಳುತ್ತದೆ. ವೈದ್ಯರನ್ನು ಕೇಳದೆ ಔಷಧಿ ಮುಟ್ಟಬೇಡಿ.

ತೂಕ, ರೆಪ್ಪೆಯ ಅಂಕಿ, ಔಷಧಿ ಕೊಟ್ಟ ಮೇಲೆ ಹಾಲು ಬಳಸಬಾರದ ದಿನಗಳು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅದರಲ್ಲಿ ಒಂದು ಕರಿ ಮೇಕೆ ಪ್ರತಿ ಸಲ 4. ಅಂಥದ್ದನ್ನು, ಅದರ ಮರಿಗಳನ್ನು ಮಂದೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಮಾರಬೇಕು ಅಂತ ಎರಡು ಸಲ ತೀರ್ಮಾನಿಸಿದೆ. ಇನ್ನೂ ದೊಡ್ಡಿಯಲ್ಲೇ ಇದೆ.