ವಾಕಿಂಗ್ ಒಂದೇ ಲೆಕ್ಕಕ್ಕಲ್ಲ: ಮೈ ಆಡಿದ್ದನ್ನು ನಾನು ಬರೆದುಕೊಳ್ಳುವ ರೀತಿ

ಬಿಪಿ, ಶುಗರ್ ತಪಾಸಣೆಗೆ ಬಂದವರನ್ನು "ವ್ಯಾಯಾಮ ಮಾಡ್ತೀರಾ?" ಎಂದು ಕೇಳಿ ಪ್ರಯೋಜನವಿಲ್ಲ. ನಮ್ಮ ದಾವಣಗೆರೆಯ ಕುಂದವಾಡ ಕೆರೆ ಸುತ್ತ ನಿಧಾನಕ್ಕೆ ಹರಟುತ್ತ ನಡೆಯುವವರು "ದಿನಾ ಮಾಡ್ತೀನಿ" ಅಂತಾರೆ. ಮಂಡಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು "ಅದಕ್ಕೆಲ್ಲ ಪುರುಸೊತ್ತೆಲ್ಲಿ ಸಾರ್" ಅಂತಾರೆ. ಹಾಗಾಗಿ ನಾನು ದುಡಿಮೆ, ಮನೆಗೆಲಸ, ಹೋಗಿಬರುವ ದಾರಿ, ಬಿಡುವು ಎಂದು ನಾಲ್ಕು ಕಡೆಯದನ್ನು ಬೇರೆ ಬೇರೆ ಕೇಳುತ್ತೇನೆ. ಕಳೆದ ಏಳು ದಿನದ್ದನ್ನು ಮಾತ್ರ, ನಿಮಿಷದಲ್ಲಿ.

ಅಳತೆಗೋಲು ಉಸಿರು. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ ಶ್ರಮ. ನಾಲ್ಕು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳಬೇಕಾದರೆ ಬಿರುಸಿನ ಶ್ರಮ. ಅದರ ಒಂದು ನಿಮಿಷಕ್ಕೆ ಮಧ್ಯಮದ ಎರಡು ನಿಮಿಷ ಹಿಡಿಯುತ್ತೇನೆ. ನಡಿಗೆಗೆ ಇನ್ನೂ ಸುಲಭದ ದಾರಿಯಿದೆ: 15 ಸೆಕೆಂಡಿಗೆ 25 ಹೆಜ್ಜೆ ಬಿದ್ದರೆ ಮಧ್ಯಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಒಂದೇಟಿಗೆ ಹತ್ತು ನಿಮಿಷವಾದರೂ ಆಗಿರಬೇಕು ಎಂಬ ಹಳೆಯ ಷರತ್ತನ್ನು ಆಗಲೇ ತೆಗೆದರು. ಬಸ್ ಹಿಡಿಯಲು ಬಿರಬಿರನೆ ನಡೆದ ನಾಲ್ಕು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ.

ಎಡವುವುದು ಹೆಚ್ಚಾಗಿ ದುಡಿಮೆಯ ಲೆಕ್ಕದಲ್ಲಿ. "ಎಂಟು ತಾಸು ಕೆಲಸ" ಎಂದವರಿಗೆ 480 ನಿಮಿಷ ಬರೆದುಬಿಟ್ಟರೆ ಕೆಟ್ಟಿತು. ಹಮಾಲರನ್ನು ಚೀಲ ಎಷ್ಟು, ಲಾರಿಯಿಂದ ಅಟ್ಟಿಗೆ ಒಂದು ಸಲ ಹೊತ್ತು ಹಾಕಲು ಎಷ್ಟು ಹೊತ್ತು ಎಂದು ಕೇಳುತ್ತೇನೆ. 60 ಚೀಲ, ಚೀಲಕ್ಕೆ ಒಂದು ನಿಮಿಷ ಎಂದರೆ ಬಿರುಸಿನ ಶ್ರಮ 60 ನಿಮಿಷ. ಉಳಿದದ್ದು ಕಾಯುವುದು, ಬೀಡಿ, ಚಾ. ಮಂಡಕ್ಕಿ ಭಟ್ಟಿಯ ತೊಡಕು ಬೇರೆ. ಕಾದ ಮರಳಿನ ಮುಂದೆ ನಿಂತವರ ಮೈಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ನಾಡಿ ಏರುತ್ತದೆ. ಅದರಲ್ಲಿ ಬಹುಪಾಲು ಬಿಸಿಯಿಂದ ಆದದ್ದು. ಬೆವರು ನೋಡದೆ ಕೈಕಾಲು ಏನು ಮಾಡಿದವು ಎಂದು ಕೇಳಬೇಕು. ಕಣಕ್ಕೆ ಭತ್ತ ಹೊತ್ತದ್ದು, ಎಳೆದು ಹರಡಿದ್ದು ಸೇರುತ್ತದೆ. ಒಲೆ ಮುಂದೆ ನಿಂತದ್ದು ಸೇರುವುದಿಲ್ಲ. ಚಳ್ಳಕೆರೆ ಕಡೆ ಕೂತು ಶೇಂಗಾ ಬಿಡಿಸುವುದೂ ಅಷ್ಟೇ: ಬೆರಳು ನೋಯುತ್ತದೆ, ಉಸಿರು ಏರುವುದಿಲ್ಲ. ಭದ್ರಾ ನಾಲೆಯ ಕೆಳಗೆ ನಾಟಿ ಇರುವಾಗ ಕೇಳಿದ ವಾರಕ್ಕೂ ಗದ್ದೆ ಖಾಲಿ ಇರುವ ವಾರಕ್ಕೂ ಅಜಗಜಾಂತರ, ಆದ್ದರಿಂದ ಕೂಲಿಯವರದನ್ನು ಎರಡು ಹಂಗಾಮಿಗೆ ಎರಡು ಸಲ ಬರೆಯುತ್ತೇನೆ.

"ಮನೇಲೇ ಇರ್ತೀನಿ, ಏನೂ ಕೆಲಸ ಇಲ್ಲ" ಎನ್ನುವ ಹೆಂಗಸರ ಮಾತನ್ನು ನಂಬಬೇಡಿ. ಕಲ್ಲಿನ ಮೇಲೆ ಬಟ್ಟೆ ಒಗೆಯುವುದು, ನೆಲ ತಿಕ್ಕಿ ಒರೆಸುವುದು, ನಲ್ಲಿಯಿಂದ ಕೊಡ ತರುವುದು ಮಧ್ಯಮ ಶ್ರಮ. ಕೂತು ರೊಟ್ಟಿ ತಟ್ಟುವುದು, ಸೊಪ್ಪು ಸೋಸುವುದು ಅಲ್ಲ.

ದಾರಿಯ ಲೆಕ್ಕ ಚಿಕ್ಕದು, ಆದರೆ ಹೆಚ್ಚು ಏರುಪೇರಾಗುವುದು ಇದೇ. ಸೀರೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗನಿಗೆ ದುಡಿಮೆಯಿಂದ ಸೊನ್ನೆ. ಮನೆಗೂ ಅಂಗಡಿಗೂ ಒಂದೂವರೆ ಕಿಲೋಮೀಟರ್, 20 ನಿಮಿಷ. ಎರಡು ಹೊತ್ತು, ಆರು ದಿನ ಎಂದರೆ 240 ನಿಮಿಷ. ಕಂತಿನ ಮೇಲೆ ಗಾಡಿ ಬಂದ ದಿನವೇ ಅಷ್ಟೂ ಹೋಯಿತು. ದಾವಣಗೆರೆ ಸಮತಟ್ಟಾದ ಊರು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಆದರೆ ಸೈಕಲ್ ಸೂಚಿಸಿದರೆ ನಗುತ್ತಾರೆ. ಫೋನಿನ ಹೆಜ್ಜೆ ಲೆಕ್ಕವನ್ನೂ ಪೂರ್ತಿ ನೆಚ್ಚಬೇಡಿ. ಅಡುಗೆಮನೆ ಕಟ್ಟೆ ಮೇಲೆ ಚಾರ್ಜಿಗಿಟ್ಟ ಫೋನಿಗೆ ಹೆಜ್ಜೆ ಗೊತ್ತಾಗುವುದಿಲ್ಲ.

ಬಿಡುವಿನಲ್ಲಿ ದುರ್ಗದ ಕೋಟೆ ಹತ್ತುವವರಿಗೆ ಹತ್ತಿದ ಹೊತ್ತನ್ನು ಬಿರುಸಿನದೆಂದು ಬರೆಯುತ್ತೇನೆ, ಇಳಿದದ್ದನ್ನಲ್ಲ. ಇಳಿಯುವಾಗ ಏದುಸಿರು ಇರುವುದಿಲ್ಲ, ಆದರೆ ತೊಡೆ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಮರುದಿನ ಕಾಲು ಹಿಡಿದುಕೊಳ್ಳುವುದು ಅದಕ್ಕೇ. ಮಂಡಿ ನೋವಿದ್ದವರು ಇಳಿಯುವಾಗ ಹೆಜ್ಜೆ ಚಿಕ್ಕದು ಮಾಡಬೇಕು, ಮೆಟ್ಟಿಲನ್ನು ಓರೆಯಾಗಿ ಇಳಿಯಬೇಕು.

ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸವೂ ಬೇಕು; ದಿನಾ ವಾಕಿಂಗ್ ಹೋಗುವವರಲ್ಲೂ ಈ ಕಾಲಂ ಖಾಲಿ ಇರುತ್ತದೆ. ಗೋಡೆಗೆ ಒತ್ತಿಟ್ಟ ಕುರ್ಚಿ ಸಾಕು. ಕೈ ಎದೆಗೆ ಕಟ್ಟಿಕೊಂಡು ಹತ್ತು ಸಲ ಎದ್ದು ಕೂರುವುದು, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತು. ಧಪ್ಪನೆ ಬೀಳದೆ ಮೂರು ಎಣಿಸುತ್ತ ಕೂರಬೇಕು. ಮಂಡಿ ಹಿಡಿದರೆ ಕುರ್ಚಿ ಮೇಲೆ ದಪ್ಪನೆಯ ಕಂಬಳಿ ಮಡಚಿಟ್ಟು ಎತ್ತರ ಮಾಡಿಕೊಂಡು, ವಾರಕ್ಕೊಂದು ಮಡಿಕೆ ಕಡಿಮೆ ಮಾಡುತ್ತ ಬರುವುದು.